ಕೋಳಿ ಮರಿ ಮಂಕ ಆಗಿ ಕುಂತ್ರ ಮೊದಲ ಕಾವು ಕೊಡ್ರಿ, ನೀರು ಆಮ್ಯಾಲ

ನಮ್ಮ ಗಂಗಾವತಿ ಕಡೆ ಹಳ್ಳ್ಯಾಗ ಮನಿಗೊಂದು ಹ್ಯಾಟಿ, ಅಂದ್ರ ಹೆಣ್ಣು ಕೋಳಿ, ಇದ್ದ ಇರ್ತೈತಿ. ಕಾವಿಗೆ ಕೂಡ್ಸಿ 21 ದಿನಕ್ಕ ಮರಿ ಒಡದು ಬರ್ತಾವು, ಹತ್ತು ಬಂದ್ರ ಅದ್ರಾಗ ಒಂದೆರಡು ರೆಕ್ಕಿ ಜೋತು ಬಿಟ್ಟು ಕಣ್ಣು ಮುಚ್ಚಿ ಮೂಲ್ಯಾಗ ಕುಂತು ಬಿಡ್ತಾವು. ಅದನ್ನ ನೋಡಿದ ಕೂಡ್ಲೆ ಎಲ್ಲಾರೂ ಮಾಡೋದು ಒಂದ, ಬಾಯಿ ಬಿಡ್ಸಿ ನೀರು ಹಾಕೋದು, ಇಲ್ಲಾ ನುಚ್ಚು ತುರ್ಕೋದು. ದಯವಿಟ್ಟು ಹಂಗ ಮಾಡ್ಬ್ಯಾಡ್ರಿ. ನಾನು ಇಷ್ಟು ವರ್ಷ ಕೋಳಿ ಸಾಕಿ ಕಲ್ತಿದ್ದು ಇದ, ಮೊದಲ ಕಾವು, ಆಮ್ಯಾಲ ನೀರು, ಕಟ್ಟಕಡಿಗೆ ಕಾಳು. ಈ ಸಾಲು ತಪ್ಪಿದ್ರ ಉಳಿಯೋ ಮರಿನೂ ಕೈಯಾಗ ಸಾಯ್ತೈತಿ.

ಯಾಕಂದ್ರ ಮರಿ ಮೊಟ್ಟಿಯಿಂದ ಹೊರಗ ಬರೋ ಮುಂಚೆ ಮೊಟ್ಟಿ ಒಳಗಿನ ಹಳದೀನ ಹೊಟ್ಟಿಯೊಳಗ ಎಳ್ಕೊಂಡ ಬಂದಿರ್ತೈತಿ, ಎರಡ್ಮೂರು ದಿನ ಅದ್ರ ಮ್ಯಾಲ ಬದುಕೋ ಶಕ್ತಿ ಅದಕ್ಕ ಇರ್ತೈತಿ, ಹಂಗಾಗಿ ಮೊದಲ ದಿನ ಹಸಿವಿನಿಂದ ಸಾಯೋದು ಕಮ್ಮಿ. ಆದ್ರ ಮೈಮ್ಯಾಲ ಇರೋದು ಬರೇ ನೂಲಿನಂಥ ತುಪ್ಪಳ, ತನ್ನ ಕಾವು ತಾನ ಹಿಡ್ಕೊಳ್ಳಾಕ ಆಗಂಗಿಲ್ಲ. ತಣ್ಣಗಾದ ಮರಿಗೆ ನುಂಗೋ ಶಕ್ತಿನೂ ಇರಂಗಿಲ್ಲ, ಹೊಟ್ಟಿಗೆ ಹೋಗಿದ್ದು ಕರಗಂಗೂ ಇಲ್ಲ.

ತಣ್ಣಗಾಗೈತೋ ಇಲ್ಲೋ ಅಂತ ನೋಡಾಕ ಮರಿ ಪಾದನ ನಿಮ್ಮ ಗಲ್ಲಕ್ಕ ಹಚ್ಚಿ ನೋಡ್ರಿ. ತಣ್ಣಗ ಹತ್ತಿದ್ರ ಮೊದಲ ಕೆಲಸ ಬೆಚ್ಚಗ ಮಾಡೋದು. ಒಂದು ರಟ್ಟಿನ ಡಬ್ಬಿ ತಗೊಂಡು ಒಂದು ಕಡೆ ಮಾತ್ರ 60 ವ್ಯಾಟಿನ ಬಲ್ಬ್ ಇಳಿಬಿಡ್ರಿ, ಇನ್ನೊಂದು ಕಡೆ ತಂಪು ಇರ್ಲಿ, ಬಿಸಿ ಜಾಸ್ತಿ ಆದ್ರ ಅದ ಸರದು ಹೋಗ್ಲಿ. ಬಲ್ಬ್ ಅಂದ್ರ ಹಳೇ ಕಾಲದ ತಂತಿ ಬಲ್ಬ್, ಎಲ್‌ಇಡಿ ಹಾಕಿದ್ರ ಬೆಳಕು ಬರ್ತೈತಿ ಕಾವು ಬರಂಗಿಲ್ಲ, ಇದು ಗೊತ್ತಿಲ್ದ ರಾತ್ರೆಲ್ಲ ಎಲ್‌ಇಡಿ ಹಚ್ಚಿ ಮರಿ ಕಳ್ಕೊಂಡವ್ರನ್ನ ನಾ ಕಂಡೀನಿ. ಮೊದಲ ವಾರ ಮರಿ ಬೆನ್ನಿನ ಮಟ್ಟಕ್ಕ ಸುಮಾರು 35 ಡಿಗ್ರಿ ಬೇಕು, ಆಮ್ಯಾಲ ವಾರಕ್ಕ ಮೂರು ಡಿಗ್ರಿಯಂಗ ಇಳಿಸ್ಕೋತ ಹೋದ್ರ ಆತು. ಥರ್ಮಾಮೀಟರ್ ಇಲ್ಲಾಂದ್ರ ಮರೀನ ಹೇಳ್ತಾವು, ಬಲ್ಬಿನ ಕೆಳಗ ಒಂದರ ಮ್ಯಾಲ ಒಂದು ಬಿದ್ದು ಚೀರಾಡಿದ್ರ ಚಳಿ, ದೂರ ಸರದು ಬಾಯಿ ತೆರದು ಏದುಸಿರು ಬಿಟ್ರ ಸೆಕಿ, ಹರಡ್ಕೊಂಡು ಸುಮ್ನ ಮಲಗಿದ್ರ ಸರಿ ಐತಿ. ಭಾಳ ನಿತ್ರಾಣ ಆದ ಮರಿಗೆ ಸರಿಯಾಕ ಆಗಂಗಿಲ್ಲ, ಅದನ್ನ ನೀವ ಕಾಲು ಗಂಟಿಗೊಮ್ಮೆ ಮುಟ್ಟಿ ನೋಡ್ಬೇಕು.

ಕರೆಂಟ್ ಹೋದ್ರ ಬಾಟ್ಲಿಗೆ ಬಿಸಿನೀರು ತುಂಬಿ ಬಟ್ಟಿ ಸುತ್ತಿ ಬಾಜೂಕ ಇಡ್ರಿ, ಆರಿದಂಗ ಬದಲ್ ಮಾಡ್ರಿ. ಮುಚ್ಚಿದ ಕ್ವಾಣ್ಯಾಗ ಕೆಂಡ ಇಡೋದು ಬ್ಯಾಡ, ಹೊಗಿ ಮರಿಗೂ ಕೆಟ್ಟದ್ದು ನಿಮಗೂ ಕೆಟ್ಟದ್ದು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಾಗ ಹಗಲು 40 ದಾಟ್ತೈತಿ, ಆವಾಗ ಹಗಲು ಬಲ್ಬ್ ಬ್ಯಾಡ, ತಗಡಿನ ಮನಿ ಇದ್ರ ಮರೀನ ನೆಳ್ಳಿಗೆ ತಂದು ತಗಡಿನ ಮ್ಯಾಲ ಹಸಿ ಗೋಣಿಚೀಲ ಹಾಕ್ಬೇಕು.

ಎರಡು ವರ್ಷದ ಹಿಂದ ಪುಷ್ಯ ಮಾಸ. ನಮ್ಮ ಕೆಂಪು ಹ್ಯಾಟಿ ಒಂಬತ್ತು ಮರಿ ಕರ್ಕೊಂಡು ಬುಟ್ಟಿಯಿಂದ ಇಳದು ಹೋಗಿತ್ತು, ಒಂದು ಮೊಟ್ಟಿಗೆ ಬರೇ ತೂತು ಬಿದ್ದಿತ್ತು, ಒಳಗಿಂದ ಚೀರ್ತಿತ್ತು, ಇನ್ನೇನು ಬರ್ತೈತಿ ಅಂತ ಬಿಟ್ಟು ಮಲಗಿದ್ವಿ. ಬೆಳಗಿನ ಜಾವ ಎದ್ದು ನೋಡಿದ್ರ ಅದು ಹೊರಗ ಬಂದಿತ್ತು, ಆದ್ರ ಮೈ ಹಸಿ, ಹಾಸಿದ ಭತ್ತದ ಹೊಟ್ಟಿನ ಮ್ಯಾಲ ಕುತ್ತಿಗಿ ಚಾಚಿ ಬಿದ್ದಿತ್ತು, ಸತ್ತೈತಿ ಅಂತ ಎತ್ತಿದೆ, ಬಾಯಿ ಒಂದ ಸಲ ಮೆಲ್ಲಕ ತೆರದು ಮುಚ್ಚಿತು. ಒಣ ಬಟ್ಟಿಲೆ ಒರಸಿ ಸೆರಗಿನ ಒಳಗ ಹೊಟ್ಟಿಗೆ ಹಚ್ಚಿ ಇಟ್ಕೊಂಡು ಒಲಿ ಮುಂದ ಕುಂತೆ. ಬರೇ ಅಂಗೈ ಸಾಲಂಗಿಲ್ಲ, ಮರಿ ಮೈ ನಮ್ಮ ಮೈಗಿಂತ ಬಿಸಿ ಇರ್ಬೇಕು, ಅದಕ್ಕ ಬಟ್ಟಿಯೊಳಗ ಇಟ್ಕೊಂಡು ಒಲಿ ಮುಂದ ಕುಂತಿದ್ದು. ಅರ್ಧ ಗಂಟಿ ಏನೂ ಇಲ್ಲ. ಆಮ್ಯಾಲ ಕಾಲ್ಬೆರಳು ಸಣ್ಣಗ ಮಡಚಿ ನನ್ನ ಬೆರಳು ಹಿಡೀತು, ಇನ್ನ ಸ್ವಲ್ಪ ಹೊತ್ತಿಗೆ ಒಂದ ಒಂದು ಸಲ ಚಿಂವ್ ಅಂತು. ಆ ದನಿ ಕೇಳಿದ ಮ್ಯಾಲ ನೀರಿಗೆ ಎದ್ದೆ, ಅಲ್ಲೀತನ ಒಂದು ಹನಿನೂ ಹಾಕಿರ್ಲಿಲ್ಲ.

ನೀರು ಅಂದ್ರ ಮೊದಲ ದಿನ ಬೆಲ್ಲದ ನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬೆಲ್ಲ ಕರಗಿಸಿ ಬಟ್ಟ್ಯಾಗ ಸೋಸ್ರಿ, ಬೆಲ್ಲ ಇಲ್ಲಾಂದ್ರ ಸಕ್ಕರಿ ನಡೀತೈತಿ. ಬಾಯೊಳಗ ಸುರೀಬ್ಯಾಡ್ರಿ, ನಾಲಿಗಿ ಹಿಂದನ ಉಸಿರಿನ ತೂತು ಇರ್ತೈತಿ, ಒಂದು ಗುಟುಕು ಅಲ್ಲಿ ಹೋದ್ರ ಮುಗೀತು. ಬೆರಳ ತುದೀಲೆ ಇಲ್ಲಾ ಡ್ರಾಪರ್‌ಲೆ ಒಂದು ಹನಿ ಕೊಕ್ಕಿನ ಅಂಚಿಗೆ ಹಚ್ರಿ, ಅದು ತಾನ ತಲಿ ಎತ್ತಿ ನುಂಗ್ತೈತಿ, ನುಂಗಿದ ಮ್ಯಾಲ ಇನ್ನೊಂದು. ನುಂಗ್ಲಿಲ್ಲ ಅಂದ್ರ ಇನ್ನೂ ಕಾವು ಸಾಲ್ದು ಅಂತ ಅರ್ಥ. ಹಾಲು ಬ್ಯಾಡ, ಪಕ್ಷಿಗೆ ಹಾಲು ಅರಗಂಗಿಲ್ಲ, ಭೇದಿ ಹತ್ತೈತಿ. ತಾನ ಕುಡ್ಯಾಕ ಹತ್ತಿದ ಮ್ಯಾಲ ಬಾಟ್ಲಿ ಮುಚ್ಚಳದಾಗ ನೀರಿಟ್ಟು ಒಳಗ ಸಣ್ಣ ಸಣ್ಣ ಕಲ್ಲು ಹಾಕ್ರಿ, ಇಲ್ಲಾಂದ್ರ ನಿದ್ದಿಗಣ್ಣಾಗ ನೀರೊಳಗ ಮುಖ ಇಟ್ಟು ಮುಳುಗ್ತಾವು.

ಮರುದಿನ ನಮ್ಮ ಆ ಮರಿ ಮತ್ತ ಮಂಕಾತು. ತಿರುವಿ ನೋಡಿದ್ರ ಕುಂಡಿಗೆ ಹಿಕ್ಕಿ ಒಣಗಿ ಗಟ್ಟಿ ಆಗಿ ಮುಚ್ಚಿಬಿಟ್ಟಿತ್ತು. ಚಳಿ ತಿಂದ ಮರಿಗೆ ಇದು ಭಾಳ ಆಗ್ತೈತಿ, ಬಿಟ್ರ ಒಳಗ ಕಟ್ಟಿಕೊಂಡು ಸಾಯ್ತಾವು. ಹತ್ತಿನ ಬಿಸಿನೀರಾಗ ಅದ್ದಿ ಒತ್ತಿ ಹಿಡೀರಿ, ನೆನಸ್ರಿ, ಮೆತ್ತಗಾದ ಮ್ಯಾಲ ಒರಸ್ರಿ, ಒಣದನ್ನ ಕಿತ್ರ ತುಪ್ಪಳ ಸಮೇತ ತೊಗಲು ಬರ್ತೈತಿ. ಪೂರಾ ಒಣಗಿಸಿ ಒಂಚೂರು ಕೊಬ್ಬರಿ ಎಣ್ಣಿ ಸವರಿ ಮತ್ತ ಬಲ್ಬಿನ ಕೆಳಗ ಬಿಡ್ರಿ, ಎರಡ್ಮೂರು ದಿನ ಹೊತ್ತೊತ್ತಿಗೆ ನೋಡ್ರಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಕುಂಡಿಗಿಂತ ಸ್ವಲ್ಪ ಮುಂದ, ಹೊಟ್ಟಿ ಮ್ಯಾಲ, ಕರ್ರಗ ಒಣಗಿದ ಸಣ್ಣ ದಾರದಂಥದ್ದು ಕಂಡ್ರ ಅದು ಹೊಕ್ಕಳ, ಅದನ್ನ ಹಿಕ್ಕಿ ಅಂತ ತಿಳ್ಕೊಂಡು ಎಳೀಬ್ಯಾಡ್ರಿ, ಕರುಳ ಹೊರಗ ಬರ್ತೈತಿ. ಅದು ತಾನ ಉದುರ್ತೈತಿ. ಹೊಕ್ಕಳ ಕೆಂಪಾಗಿ ಹಸಿ ಆಗಿ ಹೊಟ್ಟಿ ಉಬ್ಬಿ ವಾಸನಿ ಬರಾಕ ಹತ್ತಿದ್ರ ಒಳಗ ನಂಜು ಏರೈತಿ ಅಂತ, ಡಾಕ್ಟ್ರಿಗೆ ತೋರ್ಸ್ರಿ, ಆದ್ರ ಖರೇ ಹೇಳ್ಬೇಕಂದ್ರ ಅಂಥ ಮರಿ ಉಳಿಯೋದು ಭಾಳ ಕಮ್ಮಿ, ಮನಸ್ಸು ಗಟ್ಟಿ ಮಾಡ್ಕೋರಿ.

ಹಾಸೋದು ಏನು ಅಂದ್ರ ನಮಗ ಮಿಲ್ಲಿನ ಭತ್ತದ ಹೊಟ್ಟು ಬೇಕಾದಷ್ಟು ಸಿಗ್ತೈತಿ, ಒಣಗಿದ್ದು ಇದ್ರ ಅದಕ್ಕಿಂತ ಚಲೋದು ಇಲ್ಲ. ಬೂಷ್ಟು ಬಂದಿದ್ದು ಮಾತ್ರ ಬ್ಯಾಡ, ಅದ್ರ ಬೀಜ ಪುಪ್ಪುಸಕ್ಕ ಹೋಗಿ ಮರಿ ಸದ್ದಿಲ್ದ ಬಾಯಿ ತೆರದು ತೆರದು ಉಸಿರಾಡ್ತೈತಿ, ಅದಕ್ಕ ಔಷಧಿ ಹಾಕಿದ್ರೂ ಪ್ರಯೋಜನ ಇಲ್ಲ. ಮೊದಲ ಎರಡು ದಿನ ಹೊಟ್ಟಿನ ಮ್ಯಾಲ ಹಳೇ ಸೀರಿ ತುಂಡು ಹಾಸ್ರಿ, ಹೊಟ್ಟು ತಿನ್ನೋದು ತಪ್ತೈತಿ. ಬರೇ ಪೇಪರ್ ಹಾಸಿದ್ರ ಜಾರಿ ಜಾರಿ ಕಾಲು ಎರಡೂ ಕಡೆ ಅಗಲ ಹೋಗ್ತಾವು. ಹಂಗ ಆದ್ರ ಗಾಬರಿ ಬ್ಯಾಡ, ಬ್ಯಾಂಡೇಜ್ ಪಟ್ಟಿ ಸಣ್ಣಗ ಸೀಳಿ ಎರಡೂ ಕಾಲಿಗೆ ಸುತ್ತಿ ನಡುವ ಮರಿ ಸಹಜವಾಗಿ ನಿಂತಷ್ಟು ಅಂತರ ಬಿಟ್ಟು ಅಂಟಿಸ್ರಿ, ಬಿಗಿ ಆಗಬಾರ್ದು. ಮೊದಲ ದಿನವ ಮಾಡಿದ್ರ ಮೂರ್ನಾಕು ದಿನಕ್ಕ ಕಾಲು ಸುದ್ದ ಆಗ್ತಾವು, ವಾರ ಬಿಟ್ಟು ಮಾಡಿದ್ರ ಕಷ್ಟ.

ಮರಿ ಎದ್ದು ಓಡಾಡಿ ಚೀರಾಕ ಹತ್ತಿದ ಮ್ಯಾಲ ಕಾಳು. ಅಂಗಡ್ಯಾಗ ಚಿಕ್ ಸ್ಟಾರ್ಟರ್ ಅಂತ ಕೇಳ್ರಿ. ಸಿಗೋತನಕ ಬೇಯಿಸಿದ ಮೊಟ್ಟಿ ಹಳದಿ ಪುಡಿ ಮಾಡಿ ಒಂದು ಚಿಟಿಕಿ ಹಾಕ್ರಿ, ಬೆರಳಿಲೆ ಟಕ ಟಕ ಕುಟ್ರಿ, ಹ್ಯಾಟಿ ಕೊಕ್ಕು ಬಡದಂಗ, ಮರಿ ನೋಡಿ ಕಲೀತೈತಿ. ಉಳಿದ ಹಳದಿ ತಾಸಿನ ಮ್ಯಾಲ ಇಡಬ್ಯಾಡ್ರಿ, ಕೆಡ್ತೈತಿ. ಬರೇ ನುಚ್ಚಿನ ಮ್ಯಾಲ ಬೆಳೆಸಿದ್ರ ಬಿ2 ವಿಟಮಿನ್ ಕಮ್ಮಿ ಆಗಿ ಕಾಲ್ಬೆರಳು ಒಳಗ ಮುದುಡ್ತಾವು, ಆವಾಗ ಕೋಳಿಗೆ ಅಂತ ಸಿಗೋ ಬಿ ಕಾಂಪ್ಲೆಕ್ಸ್ ಔಷಧಿ ನೀರಿಗೆ ಹಾಕ್ಬೇಕು.

ಸುಣ್ಣದಂಥ ಬಿಳಿ ಭೇದಿ ಹತ್ತಿ ಒಂದರ ಹಿಂದ ಒಂದು ಬೀಳಾಕ ಹತ್ತಿದ್ರ ಅದು ಚಳಿ ಅಲ್ಲ, ರೋಗ. ಮಂಕಾದವನ್ನ ಬ್ಯಾರೆ ಇಟ್ಟು ಪಶು ಆಸ್ಪತ್ರಿಗೆ ಹೋಗ್ರಿ, ಇಲ್ಲಾ ಪಶು ಸಹಾಯವಾಣಿ 1962ಕ್ಕ ಫೋನ್ ಹಚ್ರಿ. ಮನ್ಯಾಗ ಉಳದ ಮನುಷ್ಯರ ಗುಳಿಗಿ ಅರದು ಹಾಕೋದು ಬ್ಯಾಡ. ಸತ್ತಿದ್ದನ್ನ ಕಾಲುವಿಗೆ ಎಸೀದ ಆಳಕ್ಕ ಹೂತು ಸುಣ್ಣ ಹಾಕ್ರಿ, ಮರಿ ಮುಟ್ಟಿದ ಮ್ಯಾಲ ಕೈ ಸಾಬೂನಿಲೆ ತೊಳೀರಿ, ಸಣ್ಣ ಹುಡುಗ್ರು ಮುದ್ದು ಮಾಡಿ ಬಾಯಿಗೆ ಹಚ್ಕೊಳ್ಳೋದು ಬಿಡ್ಸ್ರಿ. ಚಲೋ ಇರೋ ಮರಿಗೆ 5ರಿಂದ 7 ದಿನದೊಳಗ ರಾಣಿಖೇತ್ ಅನ್ನೋ ಕೋಳಿ ರೋಗದ ಲಸಿಕಿ ಕಣ್ಣಿಗೆ ಒಂದು ಹನಿ ಹಾಕ್ಸ್ರಿ, ಒಂದು ಬಾಟ್ಲಿ ಭಾಳ ಮರಿಗೆ ಆಗ್ತೈತಿ, ಓಣಿಯವ್ರು ಕೂಡಿ ತಂದ್ರ ಖರ್ಚು ಹಂಚ್ಕೊಬಹುದು, ಬರ್ಫದಾಗ ಇಟ್ಟ ತರ್ಬೇಕು.

ಸಂತ್ಯಾಗ ಬಣ್ಣ ಹಚ್ಚಿದ ಮರಿ ಮಾರ್ತಾರ, ಹುಡುಗ್ರು ಹಟ ಮಾಡಿ ತರ್ತಾರ, ಅವು ದೂರದಿಂದ ನೀರಿಲ್ದ ಚಳಿ ಬಿಸಿಲು ತಿಂದು ಬಂದಿರ್ತಾವು, ಮನಿಗೆ ತಂದ ಕೂಡ್ಲೆ ಇದ ಸಾಲು, ಕಾವು, ಬೆಲ್ಲದ ನೀರು, ಕಾಳು. ಒಂದ ತಂದ್ರ ಒಂಟಿ ಆಗಿ ಚೀರಿ ಚೀರಿ ಸೊರಗ್ತೈತಿ, ಎರಡು ತಗೊಳ್ರಿ.

ಮನಿ ಹ್ಯಾಟಿ ಮರಿ ಆದ್ರ ಚೇತರಿಸ್ಕೊಂಡ ಮ್ಯಾಲ ತಾಯಿ ಹತ್ರನ ಬಿಡ್ಬೇಕು, ಆದ್ರ ಹಗಲಿನಾಗ ಬಿಟ್ರ ಕುಕ್ಕಿ ಓಡಸ್ತೈತಿ. ನಾನು ಮೂರನೇ ರಾತ್ರಿ ದೀಪ ಆರ್ಸಿ, ಹ್ಯಾಟಿ ಮಲಗಿದ ಮ್ಯಾಲ, ಹಿಂದಿನಿಂದ ಕೈ ಹಾಕಿ ರೆಕ್ಕಿ ಕೆಳಗ ಮೆಲ್ಲಕ ತಳ್ಳಿದೆ. ಅದು ಒಂದು ಸಲ ಕೊರ್ರ್ ಅಂತು, ಮರಿ ಸುಮ್ನಾತು. ಬೆಳಕು ಹರಿಯೋದ್ರೊಳಗ ಎದ್ದು ಬುಟ್ಟಿ ಎತ್ತಿದೆ, ಹ್ಯಾಟಿ ಎದಿ ಕೆಳಗಿಂದ ಸಣ್ಣ ಸಣ್ಣ ತಲಿ ಹೊರಗ ಬಂದ್ವು, ಎಣಿಸಿದೆ, ಹತ್ತು ಇದ್ದವು.