ಬಕೆಟ್ಟಿನೊಳಗಿನ ಗೆರೆ: ತಲೆಸುತ್ತಿನವರೊಡನೆ ನನ್ನ ಅನುಭವ

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಕಿವಿ–ಮೂಗು–ಗಂಟಲು ತಜ್ಞರು ಕಳುಹಿಸುವ ರೋಗಿಗಳಲ್ಲಿ ಅನೇಕರ ದೂರು ಒಂದೇ: ತಲೆಸುತ್ತು ನಿಂತಿದೆ, ಆದರೆ ಸುತ್ತಲಿನ ಜಾಗ ಮೊದಲಿನಂತಿಲ್ಲ. ನಡೆದರೆ ಅಂಗಡಿಯ ಬೋರ್ಡುಗಳು ಕುಣಿಯುತ್ತವೆ, ಮೆಟ್ಟಿಲಿಳಿಯುವಾಗ ಕಾಲು ಅನುಮಾನಿಸುತ್ತದೆ. ಕಣ್ಣಿನ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಏಕೆಂದರೆ ತೊಂದರೆ ಒಳಕಿವಿಯದು.

ಒಳಕಿವಿಯ ಮೂರು ಅರ್ಧವೃತ್ತ ನಾಳಗಳು ನಾವು ತಲೆಯನ್ನು ತಿರುಗಿಸುವುದನ್ನು ಗುರುತಿಸಿದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳಿರುವ ಎರಡು ಚೀಲಗಳು ಗುರುತ್ವದ ದಿಕ್ಕನ್ನು ಗುರುತಿಸುತ್ತವೆ. ಈ ಸುದ್ದಿಯನ್ನು ಕಣ್ಣಿನ ಮತ್ತು ಕಾಲು–ಕತ್ತುಗಳ ಸುದ್ದಿಯೊಡನೆ ಕೂಡಿಸಿಕೊಂಡೇ ಮಿದುಳು ಯಾವುದು ನೆಟ್ಟಗೆ, ಯಾವುದು ವಾಲಿದೆ ಎಂದು ತೀರ್ಮಾನಿಸುತ್ತದೆ.

ಈ ತೀರ್ಮಾನವನ್ನು ಅಳೆಯಲು ನಾನು ಬಳಸುವುದು, ಜರ್ಮನಿಯ ವೈದ್ಯರು 2009ರಲ್ಲಿ ಪ್ರಕಟಿಸಿದ ವಿಧಾನದಂತೆ, ಆಚೆಯದೇನೂ ಕಾಣದ ಒಂದು ಪ್ಲಾಸ್ಟಿಕ್ ಬಕೆಟ್. ತಳದ ಒಳಗಡೆ ಒಂದು ನೇರ ಗೆರೆ, ಹೊರಗಡೆ ಕೋನಮಾಪಕ, ಅದರ ನಡುವಿನಿಂದ ಇಳಿಬಿಟ್ಟ ದಾರದ ತುದಿಗೆ ಒಂದು ತೂಕ. ರೋಗಿ ಕುಳಿತು ಬಕೆಟ್ಟಿನೊಳಗೆ ಮುಖವಿಟ್ಟಾಗ ಬಾಗಿಲು, ಗೋಡೆಗಳ ಆಸರೆ ಕಣ್ಣಿಗೆ ತಪ್ಪುತ್ತದೆ. ನಾನು ಬಕೆಟ್ ಓರೆಮಾಡಿ ನಿಧಾನವಾಗಿ ತಿರುಗಿಸುತ್ತ ಬರುತ್ತೇನೆ. ಗೆರೆ ನೆಟ್ಟಗಾಯಿತೆನಿಸಿದಾಗ ಅವರು ನಿಲ್ಲಿಸಲು ಹೇಳಬೇಕು. ಇದನ್ನು ಎರಡೂ ಬದಿಯಿಂದ ಹಲವು ಸಲ ಮಾಡಿ ಸರಾಸರಿ ತೆಗೆದರೆ, ಆರೋಗ್ಯವಂತರ ತಪ್ಪು ಸಾಮಾನ್ಯವಾಗಿ 2 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಬಲಗಿವಿಯ ಸಮತೋಲನದ ನರ ಊದಿಕೊಂಡಿದ್ದ ಗಾರೆ ಕೆಲಸದ ಮೇಸ್ತ್ರಿಯೊಬ್ಬರು, ಗೆರೆ ಆರೇಳು ಡಿಗ್ರಿ ಬಲಕ್ಕೆ ವಾಲಿದ್ದಾಗ "ಸಾಕು ಸರ್, ತೂಗುಗುಂಡು ಬಿಟ್ಟಂಗೆ ನೆಟ್ಟಗೈತಿ" ಎಂದರು. ಹಗಲಿನಲ್ಲಿ ಅವರು ಕಟ್ಟುವ ಗೋಡೆ ಸೊಟ್ಟಗಾಗುತ್ತಿರಲಿಲ್ಲ. ಕಣ್ಣು ಕಿವಿಯ ತಪ್ಪನ್ನು ಮುಚ್ಚುತ್ತಿತ್ತು. ಆದರೆ ಹೀಗೆ ಕಣ್ಣನ್ನೇ ನೆಚ್ಚಿದವರು ಎಲ್ಲವೂ ಚಲಿಸುವ ಮಂಡಿಪೇಟೆಯಂಥ ಸಂದಣಿಯಲ್ಲಿ ಕಂಗೆಡುತ್ತಾರೆ, ಕತ್ತಲಲ್ಲಿ ತಡವರಿಸುತ್ತಾರೆ.

ಅವರಿಗೆ ಕಲಿಸಿದ ಮುಖ್ಯ ವ್ಯಾಯಾಮ ಸರಳವಾದದ್ದು: ಚಾಚಿದ ಕೈಯಲ್ಲಿ ಒಂದು ಅಕ್ಷರ ಬರೆದ ಚೀಟಿ ಹಿಡಿದು, ಅಕ್ಷರ ಮಸುಕಾಗದಷ್ಟು ವೇಗದಲ್ಲಿ ತಲೆಯನ್ನು ಎಡಬಲಕ್ಕೆ ತಿರುಗಿಸುವುದು. ತಲೆ ತಿರುಗಿದ 10 ಮಿಲಿಸೆಕೆಂಡಿನೊಳಗೆ ಕಣ್ಣನ್ನು ವಿರುದ್ಧ ದಿಕ್ಕಿಗೆ ಸರಿಸಿ ನೋಟವನ್ನು ಸ್ಥಿರವಾಗಿಡುವ ಪ್ರತಿವರ್ತನೆಗೆ ಇದು ತಾಲೀಮು. ಸ್ವಲ್ಪ ಸುತ್ತು ಬಂದೇ ಬರುತ್ತದೆ, ಬರಬೇಕು ಕೂಡ. ನೋಟ ಜಾರುವ ಆ ತಪ್ಪಿನಿಂದಲೇ ಮಿದುಳು ಕಲಿಯುತ್ತದೆ. ಸುತ್ತನ್ನು ಅಡಗಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರಲ್ಲಿ ಈ ಕಲಿಕೆ ಹಿಂದೆ ಬೀಳುವುದರಿಂದ, ಮಾತ್ರೆ ಯಾವಾಗ ನಿಲ್ಲಿಸಬಹುದೆಂದು ವೈದ್ಯರನ್ನು ಮೊದಲೇ ಕೇಳಿಸುತ್ತೇನೆ. (ಹರಳು ಜಾರಿ ನಾಳಕ್ಕೆ ಸೇರಿ ಬರುವ ತಲೆಸುತ್ತಿಗೆ ಈ ದಾರಿಯಲ್ಲ, ಅಲ್ಲಿ ತಲೆಯನ್ನು ಕ್ರಮವಾಗಿ ಹೊರಳಿಸುವ ಎಪ್ಲಿಯಂಥ ವಿಧಾನವೇ ಬೇಕು.)

ನಂತರ ಮೇಸ್ತ್ರಿಯವರನ್ನು ಕುಂದುವಾಡ ಕೆರೆ ಏರಿಯ ಮೇಲೆ, ಒಮ್ಮೆ ನೀರಿನತ್ತ ಒಮ್ಮೆ ಊರಿನತ್ತ ತಲೆ ತಿರುಗಿಸುತ್ತ ನಡೆಸಿದೆ. ಕೆಲವು ವಾರಗಳಲ್ಲಿ ಬಕೆಟ್ಟಿನ ಗೆರೆ ನೆಟ್ಟಗಾಯಿತು. ಆದರೆ ಕಿವಿ ಪೂರ್ತಿ ಗುಣವಾಗದಿದ್ದರೂ ಮಿದುಳಿನ ಹೊಂದಾಣಿಕೆಯಿಂದ ಗೆರೆ ಸರಿಹೋಗುವುದುಂಟು. ಮೇಲಾಗಿ ಅದು ಅಲುಗದೆ ಕುಳಿತವರ ಅಳತೆ. ಹಾಗಾಗಿ ಸಾರುವೆ ಹತ್ತಲು ಅವರಿಗೆ ಒಪ್ಪಿಗೆ ಕೊಟ್ಟಿದ್ದು, ಮಂದ ಬೆಳಕಿನಲ್ಲಿ ತಲೆ ತಿರುಗಿಸುತ್ತ ವಾಲದೆ ನಡೆದು ತೋರಿಸಿದ ಮೇಲೆಯೇ.