ಟೆಕ್ನಿಕಲ್ ಡೆತ್ ಮೆಟಲ್ ಆಲ್ಬಂ ಕೇಳಲು ಕೂರುವವರಿಗೆ

ಟೆಕ್ನಿಕಲ್ ಡೆತ್ ಮೆಟಲ್ ಎಂದರೆ ಘರ್ಜನೆಯ ಗಾಯನ, ಜಟಿಲವಾದ ಗಿಟಾರ್ ಮತ್ತು ಡ್ರಮ್ಸ್ ಇರುವ ಅಬ್ಬರದ ರಾಕ್ ಸಂಗೀತ. ಅದರ ಮಾತು ಬಂದಾಗಲೆಲ್ಲ ಜನ ವೇಗವನ್ನೇ ಹೊಗಳುತ್ತಾರೆ. ನಿಮಿಷಕ್ಕೆ ಎಷ್ಟು ಬೀಟ್, ಸೆಕೆಂಡಿಗೆ ಎಷ್ಟು ಸ್ವರ ಎಂದು ಲೆಕ್ಕ ಒಪ್ಪಿಸುತ್ತಾರೆ. ನನಗೆ ಆ ಲೆಕ್ಕದಲ್ಲಿ ಎಳ್ಳಷ್ಟೂ ಆಸಕ್ತಿ ಇಲ್ಲ. ಇಲ್ಲಿ ಕೇಳುಗನಿಗೆ ಬೇಕಾದದ್ದು ನೆನಪು: ಈಗ ಕೇಳಿದ ರಿಫ್ (ಮರಳಿ ಮರಳಿ ಬರುವ ಗಿಟಾರಿನ ಪುಟ್ಟ ತುಣುಕು) ಮತ್ತೆ ಬಂದಾಗ ಗುರುತು ಹಿಡಿಯುವಷ್ಟು ನೆನಪು. ಅದೊಂದು ರೂಢಿಯಾದರೆ ಗದ್ದಲವೆಂದು ತೋರಿದ್ದು ಹಾಡಾಗುತ್ತದೆ.

ಆರಂಭಕ್ಕೆ ಡೆತ್ ಬ್ಯಾಂಡಿನ 1991ರ ‘ಹ್ಯೂಮನ್’ ಹಾಕಿಕೊಳ್ಳಿ. ಎಂಟೇ ಹಾಡು, 35 ನಿಮಿಷದೊಳಗೆ ಮುಗಿಯುತ್ತದೆ. ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಚಕ್ ಶುಲ್ಡಿನರ್ ಜೊತೆಗೆ ಇಲ್ಲಿ ಸಿನಿಕ್ ಬ್ಯಾಂಡಿನ ಪಾಲ್ ಮಾಸ್ವಿಡಾಲ್ ಗಿಟಾರ್, ಶಾನ್ ರೈನರ್ಟ್ ಡ್ರಮ್ಸ್ ನುಡಿಸಿದ್ದಾರೆ. ಜಾಝ್‌ನ ಗಾಳಿ ಒಳಗೆ ಬಂದದ್ದು ಆ ಇಬ್ಬರಿಂದ. ವಾದ್ಯಗಳ ಧ್ವನಿಗಳನ್ನು ಬೆರೆಸಿದ ಮೂಲ ಮಿಶ್ರಣದಲ್ಲಿ ಸ್ಟೀವ್ ಡಿಜಾರ್ಜಿಯೊ ಅವರ ಬೇಸ್ (ತಗ್ಗು ಸ್ವರದ ಗಿಟಾರ್) ಹೂತುಹೋಗಿದೆ. 2011ರಲ್ಲಿ ಹೊಸದಾಗಿ ಮಿಶ್ರಣ ಮಾಡಿ ಹೊರತಂದ ಆವೃತ್ತಿಯಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ, ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ‘ಬರೀ ಗಲಾಟೆ’ ಎಂದು ತೀರ್ಪು ಕೊಡುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ. ಆ ಸ್ಪೀಕರಿಗೆ ಬೇಸ್ ದಾಟಿಸುವ ಶಕ್ತಿಯೇ ಇರುವುದಿಲ್ಲ. ಸಾಧಾರಣ ಹೆಡ್‌ಫೋನ್ ಸಾಕು. ಆದರೆ ಶಬ್ದದ ಮಟ್ಟ ಮಧ್ಯಮದಲ್ಲಿರಲಿ. ಹೆಚ್ಚಿಸಿದಷ್ಟೂ ಸಿಂಬಲ್‌ಗಳು (ಡ್ರಮ್ಸ್‌ನ ಲೋಹದ ತಟ್ಟೆಗಳು) ಉಳಿದೆಲ್ಲವನ್ನೂ ನುಂಗುತ್ತವೆ, ಎರಡನೇ ಹಾಡಿಗೇ ಕಿವಿ ಸೋಲುತ್ತದೆ.

ಮೊದಲ ಸಲ ಇಡೀ ಆಲ್ಬಂ ಸುಮ್ಮನೆ ಹರಿಯಲಿ. ಅರ್ಥ ಮಾಡಿಕೊಳ್ಳುವ ಹಟ ಬೇಡ. ನಿಜವಾದ ಕೆಲಸ ಎರಡನೇ ಸಲಕ್ಕೆ. ಈ ಪ್ರಕಾರದಲ್ಲಿ ಸಾಮಾನ್ಯವಾಗಿ ಒಂದು ಗಿಟಾರನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡುತ್ತಾರೆ. ಹೆಡ್‌ಫೋನಿನ ಬಲಭಾಗವನ್ನು ಕಿವಿಯಿಂದ ಸರಿಸಿ, ಎಡದ ಗಿಟಾರನ್ನು ಮಾತ್ರ ಹಿಂಬಾಲಿಸಿ. ಒಂದು ರಿಫ್ ಕೇಳಿದ ತಕ್ಷಣ ಅದಕ್ಕೊಂದು ಅಡ್ಡಹೆಸರಿಡಿ. ನಾನು ‘ಕುಂಟುವುದು’, ‘ಏಣಿ’, ‘ಜಗಳಗಂಟಿ’ ಎಂದೆಲ್ಲ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ನೋಡಿದವರು ನಗುತ್ತಾರೆ, ನಗಲಿ. ‘ಕುಂಟುವುದು’ ಎರಡು ನಿಮಿಷದ ನಂತರ ತಿರುಗಿ ಬಂದಾಗ, ಈ ಬಾರಿ ಅದರ ಕೆಳಗೆ ಡ್ರಮ್ಸ್ ಬೇರೆಯೇ ನಡೆಯಲ್ಲಿರುವುದು ಗೊತ್ತಾಗುತ್ತದೆ. ತಾಳ ಏಳು ಮಾತ್ರೆಯದೋ ಐದರದೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ರಿಫ್ ಎಷ್ಟು ಸಲ ಸುತ್ತು ಹಾಕಿತು ಎಂದು ಎಣಿಸಿ. ಮೂರು ಸಲ ಒಂದೇ ತರಹ ಬಂದು ನಾಲ್ಕನೆಯ ಸಲ ಬಾಲ ಕತ್ತರಿಸಿಕೊಂಡಿದ್ದರೆ ಅಲ್ಲೇ ನಿಮ್ಮ ಕಾಲು ತಪ್ಪುತ್ತದೆ, ಸಂಗೀತಗಾರರ ಉದ್ದೇಶವೂ ಅದೇ.

ಡ್ರಮ್ಸ್ ಬಗ್ಗೆ ಒಂದು ಗುಟ್ಟು. ಬ್ಲಾಸ್ಟ್ ಬೀಟ್ ಎಂದರೆ ಸ್ನೇರ್ (ಕೋಲಿನಿಂದ ಬಾರಿಸುವ, ಚುರುಕು ಸದ್ದಿನ ಡ್ರಮ್), ಕಾಲಿನ ಡ್ರಮ್ ಮತ್ತು ಸಿಂಬಲ್ ಮೂರೂ ಬಿಡುವಿಲ್ಲದೆ ಬೀಳುವ ಹೊಡೆತ. ಹೊಸ ಧ್ವನಿಮುದ್ರಣಗಳಲ್ಲಂತೂ ಕಾಲಿನ ಡ್ರಮ್ ಟೈಪ್‌ರೈಟರಿನ ಹಾಗೆ ಕಟಕಟ ಎನ್ನುತ್ತದೆ. ಆ ಹೊಡೆತಗಳನ್ನು ಬೆನ್ನಟ್ಟಿದರೆ ಸುಸ್ತಾಗುತ್ತೀರಿ. ಬದಲಿಗೆ ಅದರ ಮೇಲೆ ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎಲ್ಲಿ ಬದಲಾಗುತ್ತದೆ ಎಂದು ನೋಡಿ. ಎಷ್ಟೋ ಸಲ ಅದು ಆಶ್ಚರ್ಯವಾಗುವಷ್ಟು ನಿಧಾನ. ‘ಹ್ಯೂಮನ್’ನ ಮೊದಲ ಹಾಡು ತೆರೆದುಕೊಳ್ಳುವುದೇ ದೂರದಿಂದ ಹತ್ತಿರ ಬರುವಂತೆ ಏರುವ ಡ್ರಮ್ಸ್‌ನಿಂದ. ಅಲ್ಲಿ ಕೈಗಳನ್ನು ಕೇಳಿ, ಕಾಲುಗಳನ್ನು ಅವುಗಳ ಪಾಡಿಗೆ ಬಿಡಿ. ಐದನೇ ಹಾಡು ‘ಲ್ಯಾಕ್ ಆಫ್ ಕಾಂಪ್ರಿಹೆನ್ಷನ್’ ಮೃದುವಾದ ಗಿಟಾರಿನಿಂದ ಶುರುವಾಗುತ್ತದೆ. ದಣಿದ ಕಿವಿಗೆ ಅಲ್ಲೊಂದು ವಿಶ್ರಾಂತಿ.

ಗಂಟಲಿನ ವಿಷಯ. ಘರ್ಜನೆಯ ಮಾತು ಅರ್ಥವಾಗಲಿಲ್ಲವೆಂದು ಕೊರಗಬೇಡಿ. ಮೊದಮೊದಲು ಅದನ್ನೂ ಒಂದು ತಾಳವಾದ್ಯವೆಂದೇ ಎಣಿಸಿ, ಪದಗಳು ರಿಫ್‌ನ ಯಾವ ಪೆಟ್ಟಿನ ಮೇಲೆ ಬೀಳುತ್ತವೆ ಎಂದು ಗಮನಿಸಿ. ಸಾಹಿತ್ಯವನ್ನು ಆಮೇಲೆ ಓದಿದರಾಯಿತು.

ಬೇಸ್ ರುಚಿ ಹತ್ತಿದವರು ಅದೇ ಬ್ಯಾಂಡಿನ 1993ರ ‘ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್’ಗೆ ಹೋಗಬಹುದು. ಡಿಜಾರ್ಜಿಯೊ ಇಲ್ಲಿ ಫ್ರೆಟ್ (ಸ್ವರಸ್ಥಾನ ಗುರುತಿಸುವ ಅಡ್ಡಪಟ್ಟಿ) ಇಲ್ಲದ ಬೇಸ್ ನುಡಿಸಿದ್ದಾರೆ, ಸ್ವರದಿಂದ ಸ್ವರಕ್ಕೆ ಜಾರುವುದು ಸ್ಪಷ್ಟವಾಗಿ ಕೇಳುತ್ತದೆ. ಗಿಟಾರ್ ಸೋಲೋ ಇಷ್ಟಪಡುವವರಿಗೆ ನೆಕ್ರೋಫೇಜಿಸ್ಟ್ ಬ್ಯಾಂಡಿನ 2004ರ ‘ಎಪಿಟಾಫ್’. ಅದರ ಅಚ್ಚುಕಟ್ಟುತನ ನನಗೆ ಕೊಂಚ ಅತಿಯೆನಿಸುತ್ತದೆ. ಆದರೆ ಪ್ರತಿಯೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುವುದರಿಂದ ಕಲಿಯುವವರಿಗೆ ಒಳ್ಳೆಯ ಪಾಠಶಾಲೆ.

ಕೆನಡಾದ ಗೋರ್ಗಟ್ಸ್ ಬ್ಯಾಂಡಿನ 1998ರ ‘ಅಬ್ಸ್ಕ್ಯೂರ’ವನ್ನು ಮಾತ್ರ ಈಗಲೇ ಮುಟ್ಟಬೇಡಿ. ಅಲ್ಲಿ ತಂತಿಯ ಕೆರೆತ, ಕೀರಲು, ಅಪಸ್ವರಗಳೇ ರಿಫ್‌ಗಳಾಗಿವೆ. ಅಡ್ಡಹೆಸರಿಡುವ ಅಭ್ಯಾಸ ಗಟ್ಟಿಯಾಗದೆ ಹೋದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ‘ಹ್ಯೂಮನ್’ನ ನಾಲ್ಕೈದು ರಿಫ್‌ಗಳನ್ನು ಹೆಡ್‌ಫೋನ್ ಇಲ್ಲದೆಯೂ ಗುನುಗಲು ಬಂದ ಮೇಲೆ ಅದನ್ನು ಹಾಕಿ, ಒಂದು ಸಲಕ್ಕೆ ಎರಡು ಹಾಡಿನಂತೆ.