ಮುಂದಿನದು ಬೇಡ, ನೂರನೆಯದು ಹೇಳಿ

ಬೋರ್ಡಿನ ಮೇಲೆ 5, 8, 11, 14 ಅಂತ ಬರೆದು "ಮುಂದೇನು?" ಅಂತ ಕೇಳಿದರೆ ಇಡೀ ಕ್ಲಾಸು ಒಟ್ಟಿಗೆ "ಹದಿನೇಳು" ಅನ್ನುತ್ತದೆ. ಗಣಿತ ಕಲಿಸುವ ನನಗೆ ಈ ಉತ್ತರದಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ಈಗ ನಾನು ನೂರನೆಯ ಸಂಖ್ಯೆ ಕೇಳುತ್ತೇನೆ. ಮೂರು ಮೂರು ಕೂಡಿಸುತ್ತಾ ಕೂತರೆ ಅದು ಯಾವಾಗ ಬರಬೇಕು, ಅಲ್ವಾ? ಬೇರೆ ದಾರಿ ಬೇಕು ಅಂತ ಮಕ್ಕಳಿಗೇ ಅನ್ನಿಸುತ್ತದೆ.

ಆಗ ಪ್ರತಿ ಸಂಖ್ಯೆಯ ಮೇಲೆ ಅದರ ಸ್ಥಾನ ಬರೆಸುತ್ತೇನೆ: 1, 2, 3, 4. ಕೆಳಗೆ ಮೂರರ ಮಗ್ಗಿ: 3, 6, 9, 12. ಮೂರರದ್ದೇ ಯಾಕೆ? ನಮ್ಮ ಸಾಲೂ ಮೂರು ಮೂರೇ ಏರುತ್ತದೆ, ಮಗ್ಗಿಯೂ ಅಷ್ಟೇ. ಹಾಗಾಗಿ ಎರಡರ ನಡುವಿನ ಅಂತರ ಬದಲಾಗುವುದೇ ಇಲ್ಲ. ಎಲ್ಲಿ ನೋಡಿದರೂ 2. ಸ್ಥಾನವನ್ನು 3ರಿಂದ ಗುಣಿಸು, 2 ಕೂಡಿಸು. ನೂರನೆಯದು 302. ಇದನ್ನು ಮೊದಲು ಬಾಯಲ್ಲೇ ಹೇಳಿಸುತ್ತೇನೆ, ಬೀಜಗಣಿತದ ಅಕ್ಷರ ಆಮೇಲೆ. ಮುಂದೆ ಫಂಕ್ಷನ್ ಅಂತ ಓದುವುದೂ ಇದನ್ನೇ: ಒಂದು ಸ್ಥಾನ ಕೊಟ್ಟರೆ ಒಂದೇ ಉತ್ತರ.

ಆಮೇಲೆ ಪ್ರಶ್ನೆ ತಿರುಗಿಸುತ್ತೇನೆ. ಈ ಸಾಲಿನಲ್ಲಿ 200 ಬರುತ್ತಾ? 2 ಕಳೆದರೆ 198, 3ರಿಂದ ಭಾಗಿಸಿದರೆ 66. ಬರುತ್ತದೆ, 66ನೆಯದಾಗಿ. 100? 98ನ್ನು 3ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಬರುವುದಿಲ್ಲ.

ನನಗೆ ತುಂಬಾ ಇಷ್ಟದ ಪಾಠ ಬೆಂಕಿಕಡ್ಡಿಯದು. ಕಡ್ಡಿಗಳಿಂದ ಚೌಕಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಜೋಡಿಸಬೇಕು. ಬೇಕಾಗುವ ಕಡ್ಡಿ 4, 7, 10. ಹತ್ತು ಚೌಕಕ್ಕೆ ಎಷ್ಟು? ಒಬ್ಬಳು "ಮೊದಲ ಚೌಕಕ್ಕೆ 4, ಉಳಿದ ಒಂಬತ್ತಕ್ಕೆ ಮೂರು ಮೂರು" ಅನ್ನುತ್ತಾಳೆ. ಇನ್ನೊಬ್ಬ ಎಡಗಡೆ ಒಂದು ಕಡ್ಡಿ ನಿಲ್ಲಿಸಿ, "ಈಗ ಪ್ರತಿ ಚೌಕಕ್ಕೂ ಮೂರೇ ಸಾಕು" ಅನ್ನುತ್ತಾನೆ. ಮತ್ತೊಬ್ಬರು ಮೇಲೆ 10, ಕೆಳಗೆ 10, ನಿಂತವು 11 ಅಂತ ಎಣಿಸುತ್ತಾರೆ. ಮೂವರದ್ದೂ 31. ಇಲ್ಲಿ ನಾನು ಅವಸರ ಮಾಡುವುದಿಲ್ಲ. ಮೂರು ನಿಯಮಗಳೂ ಯಾಕೆ ಒಂದೇ ಅಂತ ಅವರವರೇ ವಾದ ಮಾಡಿಕೊಳ್ಳಲಿ.

ವ್ಯತ್ಯಾಸ ಒಂದೇ ಇಲ್ಲದ ಸಾಲುಗಳೂ ಇವೆ. 2, 6, 12, 20ಕ್ಕೆ ಯಾವ ಮಗ್ಗಿಯೂ ಹೊಂದುವುದಿಲ್ಲ. ಅದು 1×2, 2×3, 3×4, 4×5.

ಕೊನೆಗೆ ಒಂದು ವೃತ್ತ. ಅದರ ಅಂಚಿನ ಮೇಲೆ ಚುಕ್ಕಿ ಇಟ್ಟು, ಪ್ರತಿ ಎರಡು ಚುಕ್ಕಿಗೂ ಗೆರೆ ಎಳೆದು, ಒಳಗಿನ ಭಾಗಗಳನ್ನು ಎಣಿಸುವುದು. ವೃತ್ತದ ಒಳಗೆ ಮೂರು ಗೆರೆ ಒಂದೇ ಕಡೆ ಸೇರದ ಹಾಗೆ ನೋಡಿಕೊಳ್ಳಬೇಕು. ಒಂದು ಚುಕ್ಕಿಯಿಂದ ಐದರವರೆಗೆ 1, 2, 4, 8, 16. ಆರಕ್ಕೆ 32 ಅಂತ ಎಲ್ಲರೂ ಕೂಗುತ್ತಾರೆ. ಎಣಿಸಿದರೆ 31! ಮತ್ತೆ ಮತ್ತೆ ಎಣಿಸುತ್ತಾರೆ, 31ಏ. ದುಪ್ಪಟ್ಟಾಗಲೇಬೇಕು ಅನ್ನುವುದಕ್ಕೆ ನಮ್ಮ ಹತ್ತಿರ ಕಾರಣ ಇರಲಿಲ್ಲ. ಬೆಂಕಿಕಡ್ಡಿಗೆ ಇತ್ತು. ಅದಕ್ಕೇ ನನ್ನ ಟೆಸ್ಟಿನಲ್ಲಿ ನಿಯಮ ಬರೆದರೆ ಅರ್ಧ ಅಂಕ. ಯಾಕೆ ಅಂತ ಬರೆದರೆ ಉಳಿದ ಅರ್ಧ.